ಎರಡು ಸಹಿ, ಒಂದು ಮಾತ್ರೆ

ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಮಾರಮ್ಮನ ಗುಡಿಯ ಜೀರ್ಣೋದ್ಧಾರಕ್ಕೆಂದು ಮನೆಮನೆಯಿಂದ ವಂತಿಗೆ ಎತ್ತಿದ 6,40,000 ರೂಪಾಯಿ ಬ್ಯಾಂಕಿನ ಜಂಟಿ ಖಾತೆಯಲ್ಲಿದೆ. ಚೆಕ್ಕಿಗೆ ಎರಡು ಸಹಿ ಬೇಕು. ಒಂದು ಊರ ಯಜಮಾನರದು, ಇನ್ನೊಂದು ಸಮಿತಿಯ ಲೆಕ್ಕ ಬರೆಯುವ ನಿವೃತ್ತ ಮೇಷ್ಟ್ರದು. ಆಗಸ್ಟ್ 25ರಂದು ಗಾರೆ ಕೆಲಸದವರು ಮುಂಗಡ ಕೇಳಲು ಬಂದರು. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದಾಗ 2,20,000 ರೂಪಾಯಿ ಕಡಿಮೆ ಇತ್ತು. ಅಷ್ಟೂ ಹಣ ತೆಂಗಿನ ತೋಪಿನಲ್ಲಿ ಅಂದರ್ ಬಾಹರ್ ಆಡಿ ಹೋಗಿತ್ತು. ಆಡಿದವರು ಮೇಷ್ಟ್ರು, 64 ವರ್ಷದವರು. ಯುಗಾದಿಯ ದಿನ ಊರಿಗೆ ಊರೇ ಇಸ್ಪೀಟಿಗೆ ಕೂತರೂ ಹತ್ತು ನಿಮಿಷ ನೋಡಿ ಎದ್ದು ಹೋಗುತ್ತಿದ್ದವರು.

ಇದು ಚರ್ಚೆಗಾಗಿ ಕಟ್ಟಿದ ಪ್ರಕರಣ. ಊರು, ಜನ, ಮೊತ್ತ ಕಲ್ಪಿತ. ಔಷಧ, ಅದರ ಪರಿಣಾಮ, ಕಾನೂನು, ತತ್ತ್ವಶಾಸ್ತ್ರದ ವಾದಗಳು ಕಲ್ಪಿತವಲ್ಲ.

ಪಂಚಾಯ್ತಿ ಸೇರಿದಾಗ ಮೂರು ಮಾತು ಕೇಳಿಬಂದವು. "ಆಡಿದ್ದು ಮೇಷ್ಟ್ರಲ್ಲ ಕಣ್ರಪ್ಪ, ಮಾತ್ರೆ" ಎಂದರು ಒಬ್ಬರು. "ಆ ಮಾತ್ರೆ ನುಂಗೋರೆಲ್ಲ ಊರ ದುಡ್ಡು ತಿಂದವ್ರಾ?" ಎಂದರು ಇನ್ನೊಬ್ಬರು. ಮೂರನೆಯವರು ಹಿರಿಯರು: "ಹಣೇಲಿ ಬರ್ದಿತ್ತು, ಆಯ್ತು." ಇಚ್ಛಾಸ್ವಾತಂತ್ರ್ಯ, ಕಾರಣನಿಯತಿ (ಎಲ್ಲವೂ ಹಿಂದಿನ ಕಾರಣಗಳಿಂದಲೇ ಹುಟ್ಟುತ್ತದೆ ಎಂಬುದು), ನೈತಿಕ ಹೊಣೆ ಕುರಿತು ಎರಡು ಸಾವಿರ ವರ್ಷಗಳಿಂದ ನಡೆದಿರುವ ಜಗಳ ಈ ಮೂರು ಮಾತಿನಲ್ಲೇ ಇದೆ. ಮೂರೂ ಒಂದೊಂದು ಕಡೆ ಎಡವುತ್ತವೆ ಎಂಬುದು ನಮ್ಮ ಅಭಿಪ್ರಾಯ. ಎಡವುವುದಕ್ಕೆ ಕಾರಣ ಒಂದೇ. ಎಂಟು ತಿಂಗಳ ನಡತೆಗೆ ಮೂವರೂ ಒಂದೇ ತೀರ್ಪು ಹುಡುಕುತ್ತಿದ್ದಾರೆ.

ತಾರೀಕುವಾರು ನಡೆದದ್ದು

ಜನವರಿಯಲ್ಲಿ ಮೇಷ್ಟ್ರ ಬಲಗೈ ನಡುಗಲು ಶುರುವಾಯಿತು, ಅಕ್ಷರ ಸಣ್ಣದಾಗುತ್ತ ಬಂತು. ಮೈಸೂರಿನ ನರರೋಗ ತಜ್ಞರು ಪಾರ್ಕಿನ್ಸನ್ ಕಾಯಿಲೆ ಎಂದು ಗುರುತಿಸಿ ಪ್ರಮಿಪೆಕ್ಸೋಲ್ ಮಾತ್ರೆ ಬರೆದರು. ಮೊದಲು ದಿನಕ್ಕೆ ಮೂರು ಸಲ 0.125 ಮಿಲಿಗ್ರಾಂ. ವಾರಕ್ಕೊಮ್ಮೆ ಏರಿಸುತ್ತ ಫೆಬ್ರವರಿ ಮೊದಲ ವಾರಕ್ಕೆ ಮೂರು ಸಲ 0.5, ಅಂದರೆ ದಿನಕ್ಕೆ 1.5 ಮಿಲಿಗ್ರಾಂ. ನಡುಕ ತಗ್ಗಿತು. ಮಾತ್ರೆ ಅಂಗಡಿಯಿಂದ ಬಿಡಿ ಸ್ಟ್ರಿಪ್ಪಿನಲ್ಲಿ ಬರುತ್ತಿತ್ತು, ಜೊತೆಗೆ ಸೂಚನೆಯ ಚೀಟಿ ಇರಲಿಲ್ಲ. ಅಡ್ಡಪರಿಣಾಮದ ಬಗ್ಗೆ ಆಗ ಯಾರೂ ಏನೂ ಹೇಳಲಿಲ್ಲ.

ಏಪ್ರಿಲ್‌ನಲ್ಲಿ ಯುಗಾದಿ. ಆ ರಾತ್ರಿ ಮೇಷ್ಟ್ರು ಬೆಳಗಿನ ತನಕ ಕೂತು ಸ್ವಂತದ 4,000 ಕಳೆದರು. ಹೊಸತೊಡಕು ಮುಗಿದು ಉಳಿದವರು ಗದ್ದೆ ಕೆಲಸಕ್ಕೆ ಹೋದರು. ಮೇಷ್ಟ್ರು ತೋಪು ಹುಡುಕಿಕೊಂಡು ಹೋದರು. ಅದೇ ತಿಂಗಳಿಂದ ನಡುರಾತ್ರಿ ಎದ್ದು ಅಟ್ಟದ ಮೇಲಿನ ಡಬ್ಬ ತೆಗೆದು ಅಚ್ಚುಬೆಲ್ಲ ತಿನ್ನತೊಡಗಿದರು. ಹೆಂಡತಿ ಇದನ್ನು ನೋಡಿ ಸಕ್ಕರೆ ಕಾಯಿಲೆ ಬಂದೀತೆಂದು ಬೈದರು, ಅಷ್ಟೇ. ಬೆಲ್ಲದ ಈ ಸಂಗತಿ ಮುಂದೆ ಬಹಳ ಮುಖ್ಯವಾಗುತ್ತದೆ.

ಯಜಮಾನರು ಮಗನ ಮನೆಗೆಂದು ಬೆಂಗಳೂರಿಗೆ ಹೋಗಿ ಬರುವವರು. ಪ್ರತಿಸಲ ಸಹಿಗೆ ಓಡಾಡುವುದು ಬೇಡವೆಂದು ಮಾರ್ಚ್‌ನಲ್ಲೇ ಹತ್ತು ಖಾಲಿ ಚೆಕ್ಕುಗಳಿಗೆ ಸಹಿ ಹಾಕಿ ಮೇಷ್ಟ್ರ ಕೈಗೆ ಕೊಟ್ಟಿದ್ದರು. ಜೂನ್ 3ರಂದು ಮೇಷ್ಟ್ರು ಮೊದಲ ಚೆಕ್ ಬರೆದು 20,000 ತೆಗೆದರು. ಜುಲೈ 1ರಂದು ಪಿಂಚಣಿ ಬಂದ ಕೂಡಲೇ ಅದನ್ನು ಖಾತೆಗೆ ತುಂಬಿದರು. ಜುಲೈ 12ರಂದು ತಪಾಸಣೆಗೆ ಹೋದಾಗ ವೈದ್ಯರು ನೇರವಾಗಿ ಕೇಳಿದರು: "ಖರ್ಚು ಜಾಸ್ತಿ ಆಗಿದೆಯಾ? ಜೂಜು, ತಿನ್ನೋದು, ಇನ್ಯಾವುದಾದರೂ ಹೊಸ ಚಟ?" ಮೇಷ್ಟ್ರು "ಇಲ್ಲ ಸಾರ್" ಎಂದರು. ಜುಲೈ 20ಕ್ಕೆ 60,000, ಆಗಸ್ಟ್ 1ಕ್ಕೆ 75,000, ಆಗಸ್ಟ್ 14ಕ್ಕೆ 85,000 ತೆಗೆದರು.

ಹಣೆಬರಹ ಬೇರೆ, ಕಾರಣನಿಯತಿ ಬೇರೆ

ಹಿರಿಯರ ಮಾತನ್ನು ಬೇಗ ಮುಗಿಸಬಹುದು. ಹಣೆಬರಹದ ವಾದದ ಪ್ರಕಾರ ನೀನು ಏನೇ ಮಾಡು, ಆಗುವುದು ಆಗಿಯೇ ತೀರುತ್ತದೆ. ಕಾರಣನಿಯತಿವಾದ ಹೇಳುವುದು ಇದನ್ನಲ್ಲ. ಹಿಂದಿನ ಸ್ಥಿತಿ ಮತ್ತು ಪ್ರಕೃತಿಯ ನಿಯಮಗಳಿಂದ ಮುಂದಿನದು ಹುಟ್ಟುತ್ತದೆ, ಆದರೆ ಅದು ನಿನ್ನ ಯೋಚನೆ, ನಿನ್ನ ಕೆಲಸಗಳ ಮೂಲಕವೇ ಹಾದು ಬರುತ್ತದೆ ಎನ್ನುತ್ತದೆ ಅದು. ಕ್ರಿಸ್ತಪೂರ್ವ 3ನೇ ಶತಮಾನದ ಗ್ರೀಕ್ ಚಿಂತಕ ಕ್ರಿಸಿಪ್ಪಸ್ ಮುಂದೆ ಇದೇ ಪ್ರಶ್ನೆ ಬಂದಿತ್ತು: ವಾಸಿಯಾಗುವುದು ವಿಧಿಯಾಗಿದ್ದರೆ ವೈದ್ಯರನ್ನು ಕರೆದರೇನು, ಬಿಟ್ಟರೇನು? ವೈದ್ಯರನ್ನು ಕರೆಯುವುದೂ ವಾಸಿಯಾಗುವುದೂ ಒಟ್ಟಿಗೇ ವಿಧಿಸಲ್ಪಟ್ಟಿವೆ ಎಂಬುದು ಅವನ ಉತ್ತರ. ವಿಶ್ವೇಶ್ವರಯ್ಯ ನಾಲೆಯ ಬಯಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲೆಗೆ ನೀರು ಬಿಡುವುದು ಕಟ್ಟೆಯ ಮಟ್ಟದ ಮೇಲೆ ನಿಂತಿದೆ, ಮಟ್ಟ ಕೊಡಗಿನ ಮಳೆಯ ಮೇಲೆ ನಿಂತಿದೆ. ಹಾಗೆಂದು ತೂಬು ತೆಗೆಯದೆ ಮನೆಯಲ್ಲಿ ಕೂತವನ ಗದ್ದೆಗೆ ನೀರು ಹರಿಯುವುದಿಲ್ಲ.

ನೂರಕ್ಕೆ ಹದಿನೇಳು

ಮಾತ್ರೆಯ ವಾದಕ್ಕೆ ಗಟ್ಟಿ ಆಧಾರವಿದೆ. ಅಮೆರಿಕ ಮತ್ತು ಕೆನಡಾದ 46 ಕೇಂದ್ರಗಳಲ್ಲಿ 3,090 ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರಮಿಪೆಕ್ಸೋಲ್ ವರ್ಗದ ಔಷಧ ತೆಗೆದುಕೊಳ್ಳುತ್ತಿದ್ದವರ ಪೈಕಿ ನೂರಕ್ಕೆ 17.1 ಮಂದಿಯಲ್ಲಿ ಹತೋಟಿ ತಪ್ಪಿದ ಜೂಜು, ಖರೀದಿ, ತಿನ್ನಾಟ, ಲೈಂಗಿಕ ನಡತೆ ಇವುಗಳಲ್ಲಿ ಒಂದಾದರೂ ಕಂಡಿತು. ತೆಗೆದುಕೊಳ್ಳದವರಲ್ಲಿ ಇದು 6.9.

"ಮಾತ್ರೆ ನುಂಗೋರೆಲ್ಲ ಕದೀತಾರಾ" ಎಂಬ ಪ್ರಶ್ನೆ ಈ ಅಂಕಿಯನ್ನು ತಲೆಕೆಳಗಾಗಿ ಓದುತ್ತದೆ. 83 ಜನರ ಹತೋಟಿ ತಪ್ಪಲಿಲ್ಲ ಎಂದ ಮಾತ್ರಕ್ಕೆ ಉಳಿದ 17 ಜನ ತಮ್ಮನ್ನು ತಡೆದುಕೊಳ್ಳಬಹುದಿತ್ತು ಎಂದಾಗುವುದಿಲ್ಲ. ಬೀಡಿ ಸೇದಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಬಂದವನಿಗೆ ಅದು ಬೀಡಿಯಿಂದಲ್ಲ, ಅವನ ಮನೋದೌರ್ಬಲ್ಯದಿಂದ ಬಂತು ಎಂದು ನಾವು ಹೇಳುತ್ತೇವೆಯೇ?

ಮೊದಲನೆಯವರ ಮಾತೂ ಅಷ್ಟೇ ಅವಸರದ್ದು. ಕಾರಣ ಸಿಕ್ಕಿತು ಎಂದಾಕ್ಷಣ ಹೊಣೆ ಕಳಚಿಬೀಳುವುದಾದರೆ, ಮೇಷ್ಟ್ರು ಮೂವತ್ತು ವರ್ಷ ನೆಟ್ಟಗೆ ಲೆಕ್ಕ ಬರೆದದ್ದಕ್ಕೂ ಮಿದುಳಿನಲ್ಲಿ ಕಾರಣವಿತ್ತು. ಆ ಗೌರವವನ್ನೂ ಹಿಂದಕ್ಕೆ ಪಡೆಯಬೇಕಾಗುತ್ತದೆ. ತತ್ತ್ವಶಾಸ್ತ್ರಜ್ಞ ಪೀಟರ್ ಸ್ಟ್ರಾಸನ್ 1962ರಲ್ಲಿ ಎತ್ತಿ ತೋರಿಸಿದ್ದು ಇದನ್ನೇ. ನಿತ್ಯದ ಬದುಕಿನಲ್ಲಿ ನಾವು ಒಬ್ಬರನ್ನು ಮನ್ನಿಸುವುದು ಅವರ ನಡತೆಗೆ ಕಾರಣವಿತ್ತು ಎಂದಲ್ಲ, ಅವರಿಗೆ ತಿಳಿದಿರಲಿಲ್ಲ, ದೂಡಲ್ಪಟ್ಟರು, ಮಗು, ಸ್ಥಿಮಿತದಲ್ಲಿರಲಿಲ್ಲ ಎಂಬಂಥ ನಿರ್ದಿಷ್ಟ ಕೊರತೆ ಕಂಡಾಗ. ಹಾಗಾಗಿ ಕೇಳಬೇಕಾದ ಪ್ರಶ್ನೆ: ಮಾತ್ರೆ ಮೇಷ್ಟ್ರ ಯಾವ ಸಾಮರ್ಥ್ಯವನ್ನು ಕಿತ್ತುಕೊಂಡಿತು, ಯಾವುದನ್ನು ಹಾಗೇ ಬಿಟ್ಟಿತ್ತು?

ಇಂಥ ಚರ್ಚೆಯಲ್ಲಿ, ನಾವು ಮನಸ್ಸು ಮಾಡುವ ಮೊದಲೇ ಮಿದುಳು ನಿರ್ಧರಿಸಿರುತ್ತದೆ ಎನ್ನಲು, ಯಾರಾದರೂ ನರವಿಜ್ಞಾನಿ ಬೆಂಜಮಿನ್ ಲಿಬೆಟ್‌ನ ಪ್ರಯೋಗವನ್ನು ಎಳೆದು ತರುತ್ತಾರೆ. 1983ರ ಆ ಪ್ರಯೋಗದಲ್ಲಿ ಕೈ ಆಡಿಸುವ ಸುಮಾರು 550 ಮಿಲಿಸೆಕೆಂಡ್ ಮೊದಲೇ ಮಿದುಳಿನ ಸಿದ್ಧತೆಯ ಅಲೆ ಕಂಡಿತು. ಆಡಿಸುವ ಮನಸ್ಸಾಯಿತು ಎಂದು ಜನ ಗುರುತಿಸಿದ್ದು ಸುಮಾರು 200 ಮಿಲಿಸೆಕೆಂಡ್ ಮೊದಲು. ನಮ್ಮ ಪ್ರಕರಣಕ್ಕೆ ಇದರಿಂದ ಉಪಯೋಗವಿಲ್ಲ. ಚೆಕ್ ಬರೆದು, ಬಸ್ಸು ಹಿಡಿದು, ಸರದಿಯಲ್ಲಿ ನಿಂತು ಹಣ ತೆಗೆಯುವುದು ಅರ್ಧ ದಿನದ ಕೆಲಸ.

ನಾಚಿಕೆ ತಟ್ಟುತ್ತಿತ್ತು, ಸೋಲು ತಟ್ಟುತ್ತಿರಲಿಲ್ಲ

ತತ್ತ್ವಶಾಸ್ತ್ರಜ್ಞರಾದ ಜಾನ್ ಫಿಷರ್ ಮತ್ತು ಮಾರ್ಕ್ ರವಿಜಾ 1998ರಲ್ಲಿ ಕೊಟ್ಟ ಅಳತೆಗೋಲು ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ. ಒಂದು ಕೆಲಸಕ್ಕೆ ಹೊಣೆ ಹೊರಬೇಕಾದರೆ ಆ ಕೆಲಸ ಹುಟ್ಟಿದ ಮನೋವ್ಯವಸ್ಥೆ ಕಾರಣಗಳಿಗೆ, ಅಂದರೆ ಹೀಗೆ ಮಾಡಬೇಕು, ಮಾಡಬಾರದು ಎನ್ನಲು ಇರುವ ಸಕಾರಣಗಳಿಗೆ, ಓಗೊಡುವಂತಿರಬೇಕು. ಅದರಲ್ಲಿ ಎರಡು ಪದರ: ಕಾರಣವನ್ನು ಕಾಣುವುದು, ಕಂಡಂತೆ ನಡೆಯುವುದು. ಜಗತ್ತೆಲ್ಲ ನಿಯತವೇ ಆಗಿದ್ದರೂ ಈ ಪರೀಕ್ಷೆ ನಿಲ್ಲುತ್ತದೆ ಎಂಬುದು ಅವರ ವಾದ.

ಪಂಚಾಯ್ತಿಯಲ್ಲಿ ಮೇಷ್ಟ್ರ ವಿರುದ್ಧ ಎಣಿಸಿದ ಸಾಕ್ಷಿಗಳು ಗಟ್ಟಿಯಾಗಿಯೇ ಇವೆ. ಮಗಳು ಮನೆಗೆ ಬಂದಿದ್ದ ಒಂಬತ್ತು ದಿನ ಅವರು ತೋಪಿನ ಕಡೆ ತಲೆ ಹಾಕಲಿಲ್ಲ. ಹಣ ತೆಗೆದದ್ದು ಪಕ್ಕದೂರಿನ ಶಾಖೆಯಲ್ಲಲ್ಲ, ಗುರುತಿನವರಿಲ್ಲದ ಮಂಡ್ಯದ ಶಾಖೆಯಲ್ಲಿ. ಲೆಕ್ಕದ ಪುಸ್ತಕದಲ್ಲಿ ಜುಲೈ, ಆಗಸ್ಟ್ ಹಾಳೆ ಖಾಲಿ. ಇಷ್ಟೆಲ್ಲ ಜಾಣತನವಿದ್ದವರಿಗೆ ನಿಲ್ಲಿಸುವ ಶಕ್ತಿ ಇರಲಿಲ್ಲವೇ?

ಇಲ್ಲಿ ಮಾತ್ರೆ ಕೆಲಸ ಮಾಡುವ ಬಗೆಯನ್ನು ನೋಡಬೇಕು. ಪ್ರಮಿಪೆಕ್ಸೋಲ್ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಜಾಗದಲ್ಲಿ ಕೂತು ಅದರ ಕೆಲಸ ಮಾಡುತ್ತದೆ. ಡಿ-3 ಎಂಬ ಗ್ರಾಹಕಗಳ (ಡೋಪಮೈನ್ ಬಂದು ಕೂರುವ ತಾಣಗಳ) ಮೇಲೆ ಅದರ ಹಿಡಿತ ಹೆಚ್ಚು, ಮತ್ತು ಅವು ದಟ್ಟವಾಗಿರುವುದು ಲಾಭ, ಆಸೆ, ನಿರೀಕ್ಷೆಗೆ ಸಂಬಂಧಿಸಿದ ಭಾಗದಲ್ಲಿ. ಸಹಜ ಸ್ಥಿತಿಯಲ್ಲಿ ಗೆದ್ದಾಗ ಡೋಪಮೈನ್ ಚಿಮ್ಮುತ್ತದೆ, ಎದುರು ನೋಡಿದ್ದು ಕೈಗೆ ಬಾರದಾಗ ಕುಸಿಯುತ್ತದೆ. ಆ ಕುಸಿತವೇ "ಇದು ಬೇಡ" ಎಂಬ ಪಾಠ. ಮಾತ್ರೆ ಗ್ರಾಹಕಗಳನ್ನು ಸತತವಾಗಿ ಒತ್ತಿ ಹಿಡಿದಿರುವುದರಿಂದ ಕುಸಿತ ಮೊಂಡಾಗುತ್ತದೆ, ಸೋಲು ಪಾಠವಾಗಿ ಇಳಿಯುವುದಿಲ್ಲ ಎಂಬುದು ಈ ಕ್ಷೇತ್ರದ ಪ್ರಬಲ ವಿವರಣೆ.

ಈ ವಿವರಣೆ ಸರಿಯಾದರೆ ಮೇಷ್ಟ್ರ ನಡತೆ ಗೊಂದಲವಾಗಿ ಕಾಣುವುದಿಲ್ಲ. ಅವರಿಗೆ ಎಲ್ಲ ಕಾರಣಗಳೂ ಮುಚ್ಚಿಹೋಗಿರಲಿಲ್ಲ, ಒಂದು ಮಾತ್ರ ಮುಚ್ಚಿತ್ತು. ನಾಚಿಕೆ ತಟ್ಟುತ್ತಿತ್ತು, ಅದಕ್ಕೇ ಮರೆಮಾಚಿದರು. ಸೋಲು ತಟ್ಟುತ್ತಿರಲಿಲ್ಲ, ಅದಕ್ಕೇ ನಿಲ್ಲಿಸಲಿಲ್ಲ. ಎಲ್ಲಿ ಆಡಬೇಕು, ಯಾವಾಗ, ಯಾರ ಕಣ್ಣು ತಪ್ಪಿಸಿ ಎಂಬುದು ಅವರ ಕೈಯಲ್ಲಿತ್ತು. ಆಡಬೇಕೋ ಬೇಡವೋ ಎಂಬುದು ಬಹುಮಟ್ಟಿಗೆ ಕೈಯಲ್ಲಿರಲಿಲ್ಲ. ಕದ್ದು ಮುಚ್ಚಿ ಮಾಡಿದ್ದರಿಂದ ಅದು ತಪ್ಪೆಂದು ಅವರಿಗೆ ಗೊತ್ತಿತ್ತು ಎಂಬುದು ಸಾಬೀತಾಗುತ್ತದೆ, ಬಿಡುವ ಶಕ್ತಿ ಇತ್ತು ಎಂಬುದಲ್ಲ. ಇಂಥ ವಿಚಾರಣೆಗಳಲ್ಲಿ ಇವೆರಡನ್ನೂ ಒಂದೇ ಎಂದು ತಿಳಿಯುವುದು ಅತಿ ಸಾಮಾನ್ಯವಾದ ತಪ್ಪು.

ಹಾಗಾದರೆ ಮಾತ್ರೆಯ ಕಥೆ ತಪ್ಪಿಸಿಕೊಳ್ಳಲು ಹೂಡಿದ ನೆವವಲ್ಲ ಎಂದು ತಿಳಿಯುವುದು ಹೇಗೆ? ಆರೋಪಿಯ ಬಾಯಿಂದ ಶುರು ಮಾಡಬೇಡಿ. ಮೊದಲು ಔಷಧದ ಚೀಟಿಗಳನ್ನು ತರಿಸಿ ಡೋಸು ಏರಿದ ತಾರೀಕು ಬರೆದುಕೊಳ್ಳಿ, ಅದರ ಪಕ್ಕದಲ್ಲಿ ಪಾಸ್‌ಬುಕ್ಕಿನ ತಾರೀಕುಗಳನ್ನು ಇಡಿ. ಜೂಜು ಮಾತ್ರೆಗಿಂತ ಮೊದಲೇ ಇದ್ದರೆ ವಾದ ಅಲ್ಲೇ ಸಡಿಲ. ಆಮೇಲೆ ಹೆಂಡತಿಯನ್ನು ಪ್ರತ್ಯೇಕವಾಗಿ, ಜೂಜಿನ ಮಾತೆತ್ತದೆ, ಮನೆಯಲ್ಲಿ ಬೇರೇನು ಬದಲಾಯಿತು ಎಂದು ಕೇಳಿ. ಬೆಲ್ಲ ಹೊರಬರುವುದು ಇಲ್ಲಿ. ಬೆಲ್ಲ ತಿಂದದ್ದನ್ನು ಕಟ್ಟಿ ಹೇಳುವುದರಿಂದ ಯಾರಿಗೂ ಲಾಭವಿಲ್ಲ, ಮಾತ್ರೆಗೂ ಬೆಲ್ಲಕ್ಕೂ ಸಂಬಂಧವಿದೆ ಎಂದು ಆಕೆಗೆ ತಿಳಿದೂ ಇಲ್ಲ. ಹಾಗಾಗಿ ಅದು ಮೇಷ್ಟ್ರು ಸ್ವತಃ ಹೇಳುವ ಯಾವ ಮಾತಿಗಿಂತಲೂ ತೂಕದ ಸಾಕ್ಷಿ. ಕೊನೆಗೆ ಮೇಷ್ಟ್ರನ್ನು ಕೇಳಿ: ಸೋತ ರಾತ್ರಿ ಮನೆಗೆ ನಡೆದು ಬರುವಾಗ ಏನನ್ನಿಸುತ್ತಿತ್ತು? "ಮೇಷ್ಟ್ರೇ, ನಿಮ್ಮಂಥೋರು ಹಿಂಗ್ ಮಾಡಬಹುದಾ?" ಎಂದು ಕೇಳಿದರೆ ಅಳು ಬರುತ್ತದೆ, ಮಾಹಿತಿ ಬರುವುದಿಲ್ಲ.

ಜುಲೈ 12

ಅಪರಾಧವೆಂದು ಎಲ್ಲರೂ ಬೆರಳು ಮಾಡುವುದು ಆಗಸ್ಟ್ 14ರ 85,000ದ ಕಡೆಗೆ, ಮೊತ್ತ ದೊಡ್ಡದೆಂದು. ನಾವು ಬೆರಳಿಡುವುದು ಜುಲೈ 12ರ "ಇಲ್ಲ ಸಾರ್" ಮೇಲೆ.

ಕೆಲಸದ ಹೊತ್ತಿನಲ್ಲಿ ಹತೋಟಿ ಇಲ್ಲದವರನ್ನೂ, ಆ ಸ್ಥಿತಿಗೆ ತಂದುಕೊಂಡ ಹಿಂದಿನ ಹೆಜ್ಜೆಗೆ ಹೊಣೆ ಮಾಡಬಹುದು. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಕುಡುಕನ ಉದಾಹರಣೆ ಕೊಡುವುದು ಇದಕ್ಕೇ. ಕುಡಿಯದೆ ಇರುವುದು ಅವನ ಕೈಯಲ್ಲಿತ್ತು, ಆದ್ದರಿಂದ ಕುಡಿದ ಮೇಲಿನ ಅಜ್ಞಾನಕ್ಕೂ ಅವನೇ ಹೊಣೆ. ಆದರೆ ಮೇಷ್ಟ್ರು ಮಾತ್ರೆ ನುಂಗಿದ್ದು ಮತ್ತಿಗಲ್ಲ, ಕೈ ನಡುಗದೆ ಇರಲೆಂದು, ವೈದ್ಯರ ಮಾತಿನಂತೆ, ಪರಿಣಾಮ ತಿಳಿಯದೆ. ಜನವರಿಯ ಹೆಜ್ಜೆಯಲ್ಲಿ ದೋಷವಿಲ್ಲ. ಜುಲೈ 12ರಂದು ಪರಿಸ್ಥಿತಿ ಬದಲಾಯಿತು. ಆ ಹೊತ್ತಿನಲ್ಲಿ ಅವರು ಮಾಡಬೇಕಾಗಿದ್ದ ಕೆಲಸ ಆಟ ಬಿಡುವುದಲ್ಲ, ಒಂದು ನಿಜ ಹೇಳುವುದು. ಮಾತ್ರೆ ಆಸೆಯನ್ನು ಕೆರಳಿಸುತ್ತದೆ, ನಾಲಿಗೆ ಕಟ್ಟುವುದಿಲ್ಲ. ಕಟ್ಟಿದ್ದು ನಾಚಿಕೆ. ನಾಚಿಕೆ ನಾವೆಲ್ಲ ದಿನವೂ ಗೆಲ್ಲಬೇಕಾದ, ಗೆಲ್ಲಬಲ್ಲ ಅಡ್ಡಿ. ವೈದ್ಯರ ಪ್ರಶ್ನೆಯಲ್ಲೇ ಸುಳಿವೂ ಇತ್ತು. ಆದ್ದರಿಂದ ಜೂನ್ 3ಕ್ಕೆ ಹೊಣೆ ತೀರ ಕಡಿಮೆ, ಜುಲೈ 12ರ ಸುಳ್ಳಿಗೆ ಪೂರ್ತಿ ಹೊಣೆ, ಅನಂತರದ ಮೂರು ಚೆಕ್ಕುಗಳಿಗೆ ಆ ಸುಳ್ಳಿನ ಮೂಲಕ ಬಂದ ಭಾಗಶಃ ಹೊಣೆ. ಭಾಗಶಃ ಏಕೆಂದರೆ ನಿಜ ಹೇಳಿದ್ದರೂ ಡೋಸು ಇಳಿಸಲು ವಾರಗಳೇ ಬೇಕಾಗುತ್ತಿದ್ದವು. ಜುಲೈ 20ರ ಚೆಕ್ ಆಗಲೂ ಬರೆಯಲ್ಪಡುತ್ತಿತ್ತೇನೋ.

ವೈದ್ಯರ ಪಾಲನ್ನು ಬಿಡುವಂತಿಲ್ಲ. ಕೇಳಬೇಕಾದ್ದನ್ನು ಜುಲೈನಲ್ಲಿ ಕೇಳಿದರು, ಹೇಳಬೇಕಾದ್ದನ್ನು ಜನವರಿಯಲ್ಲಿ ಹೇಳಲಿಲ್ಲ. ಎಚ್ಚರಿಕೆಯನ್ನು ರೋಗಿಗೆ ಮಾತ್ರವಲ್ಲ, ಮನೆಯವರಿಗೂ ಹೇಳಬೇಕು, ಏಕೆಂದರೆ ರೋಗಿಯ ಒಳಗಿನ ಎಚ್ಚರಿಕೆಯ ಗಂಟೆಯನ್ನೇ ಈ ಔಷಧ ಮೊಂಡು ಮಾಡುತ್ತದೆ.

ಕಾನೂನು ಈ ಸೂಕ್ಷ್ಮಕ್ಕೆ ಇಳಿಯುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು ಚಿತ್ತಸ್ವಾಸ್ಥ್ಯವಿಲ್ಲದವರಿಗೆ ವಿನಾಯಿತಿ ಕೊಡುವುದು, ಕೃತ್ಯದ ಸ್ವರೂಪವೋ ಅದು ತಪ್ಪೆಂಬುದೋ ತಿಳಿಯಲಾರದ ಸ್ಥಿತಿಯಲ್ಲಿದ್ದರೆ ಮಾತ್ರ. ಇಂಗ್ಲೆಂಡಿನ 1843ರ ಮ್ಯಾಕ್‌ನಾಟನ್ ನಿಯಮದಿಂದ ಬಂದ ಗೆರೆ ಅದು. ತಿಳಿದೂ ತಡೆಯಲಾಗದವರಿಗೆ ಅಲ್ಲಿ ಜಾಗವಿಲ್ಲ. ನಂಬಿಕೆದ್ರೋಹದ 316ನೇ ಕಲಮಿನಡಿ ದೂರು ಹೋದರೆ ಮಾತ್ರೆಯ ಸಂಗತಿ ಶಿಕ್ಷೆಯ ಪ್ರಮಾಣದ ಹಂತದಲ್ಲಷ್ಟೇ ನೆರವಾದೀತು.

ಯಜಮಾನರ ಸಹಿ

ಪಂಚಾಯ್ತಿಯಲ್ಲಿ ಯಜಮಾನರು ಕೂತದ್ದು ತೀರ್ಪು ಹೇಳುವ ಜಾಗದಲ್ಲಿ. ಅದು ಮೊದಲ ತಪ್ಪು, ನಾಲ್ಕೂ ಚೆಕ್ಕಿನ ಮೇಲೆ ಅವರ ಸಹಿ ಇದೆ.

ಆ ಊರಿಂದ ಮೇಲುಕೋಟೆಯ ಬೆಟ್ಟ ಕಾಣುತ್ತದೆ. 12ನೇ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ರಾಮಾನುಜರು ಬ್ರಹ್ಮಸೂತ್ರಕ್ಕೆ ಬರೆದ ಭಾಷ್ಯದಲ್ಲಿ ಇದೇ ಗಂಟನ್ನು ಬಿಡಿಸುತ್ತಾರೆ. ಜೀವಾತ್ಮನ ಕರ್ತೃತ್ವ ಪರಮಾತ್ಮನ ಅಧೀನವಾದರೆ, ಮಾಡು, ಮಾಡಬೇಡ ಎನ್ನುವ ಶಾಸ್ತ್ರಕ್ಕೆ ಅರ್ಥವೇನು? 'ಕೃತಪ್ರಯತ್ನಾಪೇಕ್ಷಸ್ತು' ಎಂಬ ಸೂತ್ರ ಹಿಡಿದು ಅವರು ಉತ್ತರಿಸುತ್ತಾರೆ: ಜೀವ ಮೊದಲು ಪ್ರಯತ್ನ ಮಾಡುತ್ತಾನೆ, ಅದನ್ನು ನೋಡಿ ಅಂತರ್ಯಾಮಿ ಅನುಮತಿ ಕೊಡುತ್ತಾನೆ, ಆಗ ಕೆಲಸ ನಡೆಯುತ್ತದೆ. ಅವರು ಕೊಡುವ ಉದಾಹರಣೆ ಇಬ್ಬರಿಗೆ ಸೇರಿದ ಜಂಟಿ ಸ್ವತ್ತಿನದು. ಅದನ್ನು ಮೂರನೆಯವನಿಗೆ ಕೊಡಬೇಕಾದರೆ ಪಾಲುದಾರನ ಒಪ್ಪಿಗೆ ಬೇಕು. ಆದರೂ ಆ ಒಪ್ಪಿಗೆಯನ್ನು ಪಡೆದು ಕೊಟ್ಟವನದೇ ಕೃತ್ಯ, ಫಲವೂ ಅವನದೇ.

ಮೇಲ್ನೋಟಕ್ಕೆ ಇದು ಯಜಮಾನರ ಪರವಾಗಿದೆ: ಸಹಿ ಹಾಕಿದವನು ಅನುಮಂತೃ, ಅಂದರೆ ಒಪ್ಪಿಗೆ ಕೊಟ್ಟವನು ಅಷ್ಟೇ, ಕರ್ತೃ ಅಲ್ಲ. ಆದರೆ ಸೂತ್ರದ ಮೊದಲ ಪದವನ್ನು ಗಮನಿಸಿ. ಕೃತಪ್ರಯತ್ನ, ಅಂದರೆ ಆಗಲೇ ಮಾಡಿದ ಪ್ರಯತ್ನ. ಅನುಮತಿ ಪ್ರಯತ್ನವನ್ನು ಅಪೇಕ್ಷಿಸುತ್ತದೆ, ಅದನ್ನು ಕಂಡ ಮೇಲೆ ಬರುತ್ತದೆ. ಮಾರ್ಚ್‌ನಲ್ಲಿ ಖಾಲಿ ಹಾಳೆಗೆ ಹಾಕಿದ ಸಹಿ ಯಾವ ಪ್ರಯತ್ನವನ್ನೂ ಕಂಡಿಲ್ಲ. ಅದು ಅನುಮತಿಯೇ ಅಲ್ಲ, ಪಾಲುದಾರ ತನ್ನ ಪಾಲನ್ನು ಬಿಟ್ಟು ಎದ್ದುಹೋದದ್ದು. ಎರಡು ಸಹಿಯ ಏರ್ಪಾಡು ಇರುವುದೇ ಒಬ್ಬನ ಮನಸ್ಸು ಕೆಟ್ಟಾಗ ಇನ್ನೊಬ್ಬನ ಕೈ ತಡೆಯಲಿ ಎಂದು. ಯಜಮಾನರಿಗೆ ಮಾತ್ರೆ ಇರಲಿಲ್ಲ, ಕಾಯಿಲೆ ಇರಲಿಲ್ಲ, ಸ್ಥಿಮಿತ ತಪ್ಪಿರಲಿಲ್ಲ. ಈ ಪ್ರಕರಣದಲ್ಲಿ ಕಾರಣಗಳಿಗೆ ಓಗೊಡುವ ಸಾಮರ್ಥ್ಯ ಪೂರ್ತಿ ಇದ್ದೂ ಕೈಬಿಟ್ಟವರು ಅವರು. ಅವರ ತಪ್ಪು ಸಣ್ಣದು, ಆದರೆ ಅದರ ಹೊಣೆ ಪೂರ್ತಿ ಅವರದು.

ತೀರ್ಮಾನದ ಬಾಬ್ತು

ಹಣ ತುಂಬಿಸುವುದು, ಮುಂದೆ ಆಗದಂತೆ ತಡೆಯುವುದು, ತಪ್ಪುಗಾಣಿಕೆ ಹಾಕುವುದು ಮೂರೂ ಬೇರೆ ಬೇರೆ. ಕಟ್ಟಿದ ಹಗ್ಗ ಹರಿದುಕೊಂಡು ಎತ್ತು ಪಕ್ಕದವರ ರಾಗಿ ಮೇಯ್ದರೆ, ನಾವು ಚೆನ್ನಾಗಿಯೇ ಕಟ್ಟಿದ್ದರೂ ನಷ್ಟ ಕೊಡುತ್ತೇವೆ. ಅಲ್ಲಿ ನಿಂದೆ ಇಲ್ಲ, ಋಣ ಇದೆ. ಇನ್ನೊಬ್ಬ ತತ್ತ್ವಶಾಸ್ತ್ರಜ್ಞ ಗೇಲನ್ ಸ್ಟ್ರಾಸನ್ ವಾದಿಸುವಂತೆ, ನಮ್ಮ ಸ್ವಭಾವವನ್ನು ನಾವೇ ಮೂಲದಿಂದ ಕಟ್ಟಿಕೊಂಡಿಲ್ಲವಾದ್ದರಿಂದ ಯಾರಿಗೂ ಕೊನೆಯ ಹೊಣೆ ಇಲ್ಲ ಎಂದೇ ಒಪ್ಪಿದರೂ ಮೊದಲ ಎರಡು ಬಾಬ್ತು ಅಲುಗಾಡುವುದಿಲ್ಲ. ಸಾಂಕ್ರಾಮಿಕ ರೋಗಿಯನ್ನು ತಪ್ಪಿತಸ್ಥನೆಂದು ಕರೆಯದೆಯೇ ಪ್ರತ್ಯೇಕವಾಗಿ ಇಡುವಂತೆ ತಡೆಯನ್ನು ಸಮರ್ಥಿಸಬಹುದು ಎನ್ನುತ್ತಾರೆ ತತ್ತ್ವಶಾಸ್ತ್ರಜ್ಞ ಡರ್ಕ್ ಪೆರೆಬೂಮ್. ಆಗ ಬಿದ್ದುಹೋಗುವುದು ಮೂರನೆಯದು ಮಾತ್ರ.

ನಾವು ಹಾಕುವ ಲೆಕ್ಕ ಹೀಗೆ. 2,20,000ದಲ್ಲಿ 70,000 ಯಜಮಾನರು ತುಂಬಬೇಕು. ಉಳಿದ 1,50,000ವನ್ನು ಮೇಷ್ಟ್ರು ತಿಂಗಳಿಗೆ 7,500ರಂತೆ 20 ಕಂತಿನಲ್ಲಿ. ಚೆಕ್‌ಬುಕ್ ಇಬ್ಬರ ಕೈಯಿಂದಲೂ ಹೋಗಬೇಕು, ಖಾಲಿ ಚೆಕ್ಕಿಗೆ ಸಹಿ ಹಾಕಬಾರದು, ಪ್ರತಿ ತಿಂಗಳು ಪಾಸ್‌ಬುಕ್ ಗುಡಿಯ ಜಗಲಿಯಲ್ಲಿ ಓದಬೇಕು. ತಪ್ಪುಗಾಣಿಕೆ ಇಬ್ಬರಿಗೂ ಸಮ: ಒಬ್ಬರಿಗೆ ಜುಲೈ 12ರ ಸುಳ್ಳಿಗೆ, ಇನ್ನೊಬ್ಬರಿಗೆ ಮಾರ್ಚ್‌ನ ಸಹಿಗೆ. ಕಳ್ಳ ಎಂಬ ಪದ ಯಾರ ಮೇಲೂ ಬೇಡ.

"ಆ ಮಾತ್ರೆ ಇವತ್ತೇ ಬಿಸಾಕಿ" ಎಂದು ಪಂಚಾಯ್ತಿಯಲ್ಲಿ ಯಾರೋ ಕೂಗುತ್ತಾರೆ. ಅದನ್ನು ಮಾತ್ರ ಮಾಡಕೂಡದು. ಈ ಔಷಧವನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ಬಿಗಿದು ಜ್ವರವೇರುವ ಅಪಾಯಕಾರಿ ಸ್ಥಿತಿ ಬರಬಹುದು. ನಿಧಾನವಾಗಿ ಇಳಿಸಿದರೂ ಕೆಲವರಿಗೆ ಆತಂಕ, ಬೆವರು, ಖಿನ್ನತೆ, ಔಷಧಕ್ಕಾಗಿ ಹಂಬಲ ಕಾಡುತ್ತದೆ. ವೈದ್ಯರು ಸೆಪ್ಟೆಂಬರ್ 2ರಿಂದ ಹಂತಹಂತವಾಗಿ ಇಳಿಸಿ ತಿಂಗಳ ಕೊನೆಗೆ ನಿಲ್ಲಿಸಿದರು, ನಡುಕಕ್ಕೆ ಲೆವೊಡೋಪಾ ಎಂಬ ಬೇರೆ ಔಷಧ ಕೊಟ್ಟರು. ಡಬ್ಬದ ಬೆಲ್ಲ ಕರಗುವುದು ನಿಂತಿತು.

ದಸರಾ ಮುಗಿದ ಮಾರನೆಯ ದಿನ, ಮಾತ್ರೆ ನಿಂತು ಎರಡು ವಾರವಾದ ಮೇಲೆ, ಮೇಷ್ಟ್ರು ಮತ್ತೆ ತೋಪಿಗೆ ಹೋದರು. ಸ್ವಂತದ 3,000 ಸೋತರು. ಪಂಚಾಯ್ತಿಯಲ್ಲಿ ಅವರ ಪರ ಮಾತಾಡಿದವರಿಗೆ ಇದರಿಂದ ಮುಖಭಂಗವಾಯಿತು, ಎದುರಾಳಿಗಳಿಗೆ ಬಲ ಬಂತು. ಇಬ್ಬರೂ ಗಮನಿಸದ ಒಂದು ವಿವರವಿದೆ. ಆ ರಾತ್ರಿ ಮೇಷ್ಟ್ರು ಒಂಬತ್ತು ಗಂಟೆಗೇ ಎದ್ದು ಬಂದರು, ಜಗಲಿಯ ಮೇಲೆ ಕೂತು ಹೆಂಡತಿಗೆ "ಹೋಗಿದ್ದೆ ಕಣೇ, ಮೂರು ಸಾವಿರ ಹೋಯ್ತು, ಹೊಟ್ಟೆ ಉರೀತದೆ" ಎಂದರು. ಯುಗಾದಿಯಿಂದ ಈಚೆಗೆ ಸೋಲಿಗಾಗಿ ಅವರ ಹೊಟ್ಟೆ ಉರಿದದ್ದು ಅದೇ ಮೊದಲು. ಈ ಇಡೀ ಲೆಕ್ಕದಲ್ಲಿ ಆ 3,000ವನ್ನು ಮಾತ್ರ ನಾವು ಚೂರೂ ಕಳೆಯದೆ ಮೇಷ್ಟ್ರ ಹೆಸರಿಗೇ ಬರೆಯುತ್ತೇವೆ.